ಅಮೆರಿಕದಿಂದ ಪುಣೆಗೆ ಮರಳುತ್ತಿದ್ದೇವೆ: ಮಕ್ಕಳಿಗೆ ಯಾವ ಬೋರ್ಡ್, ಯಾವ ತಿಂಗಳು, ಯಾವ ಭಾಷೆ?

ನ್ಯೂಜೆರ್ಸಿ ಸೊಸೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಧಾರವಾಡ ಕಡೆಯ ಮನೆತನವಾದರೂ ಮಾವನವರು ನೌಕರಿಗೆಂದು ಪುಣೆಗೆ ಬಂದು ಕೋಥ್ರೂಡ್‌ನಲ್ಲಿ ಮನೆ ಮಾಡಿದ್ದರಿಂದ, ಊರಿಗೆ ಮರಳುವುದೆಂದರೆ ನಮಗೀಗ ಪುಣೆಗೆ ಮರಳುವುದೇ ಆಗಿದೆ. ಬಹಳ ವರ್ಷ ನ್ಯೂಜೆರ್ಸಿಯಲ್ಲಿದ್ದ ನಾವು ಬರುವ ವರ್ಷ ಇಲ್ಲಿಯ ಸಂಸಾರ ಕಟ್ಟಿಕೊಂಡು ಅತ್ತೆ-ಮಾವಂದಿರ ಜೊತೆ ನೆಲೆಸಬೇಕೆಂದು ನಿಶ್ಚಯಿಸಿದ್ದೇವೆ. ನಮ್ಮ ಯಜಮಾನರ ಕಚೇರಿ ಹಿಂಜೆವಾಡಿಯಲ್ಲಿರುತ್ತದೆ.

ಮಗಳು ಏಳನೆಯ ತರಗತಿಯಲ್ಲಿದ್ದಾಳೆ, ಮಗ ಒಂದನೆಯ ತರಗತಿಯಲ್ಲಿದ್ದಾನೆ. ಅವನಿಗೆ ಈ ನವೆಂಬರ್‌ಗೆ ಏಳು ತುಂಬಿತು. ಇಬ್ಬರೂ ಇಲ್ಲಿಯೇ ಹುಟ್ಟಿದವರು, ಇಬ್ಬರಿಗೂ ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಮಾಡಿಸಿದ್ದೇವೆ. ಮನೆಯಲ್ಲಿ ಕನ್ನಡವನ್ನೇ ಮಾತಾಡುತ್ತಾರೆ. ಮಗಳು ಭಾನುವಾರದ ಕನ್ನಡ ತರಗತಿಗೆ ಹೋಗಿ ಕಾಗುಣಿತ ಕಲಿತಿರುವುದರಿಂದ ನಿಧಾನವಾಗಿಯಾದರೂ ಓದುತ್ತಾಳೆ. ಮಗನಿಗೆ ಅಕ್ಷರದ ಗುರುತು ಇನ್ನೂ ಇಲ್ಲ. ಹಿಂದಿ ಮತ್ತು ಮರಾಠಿ ಇಬ್ಬರಿಗೂ ಹೊಸವು.

ಶಾಲೆಗಳ ಜಾಲತಾಣಗಳನ್ನು ನೋಡಿ ನೋಡಿ ಸಾಕಾಗಿದೆ. ಎಲ್ಲವುಗಳಲ್ಲೂ ಅದೇ ಈಜುಕೊಳ, ಅದೇ ರೊಬೊಟಿಕ್ಸ್ ಕೊಠಡಿ. ಯಜಮಾನರು ಸಿಬಿಎಸ್‌ಇ ಎನ್ನುತ್ತಾರೆ, ನಾದಿನಿ ಅಂತರರಾಷ್ಟ್ರೀಯ ಪಠ್ಯಕ್ರಮದ ಐಬಿ ಎನ್ನುತ್ತಾರೆ, ಮಾವನವರು ಮನೆಗೆ ಹತ್ತಿರ ಇರುವುದೇ ಒಳ್ಳೆಯ ಶಾಲೆ ಎನ್ನುತ್ತಾರೆ. ಇಲ್ಲಿಯ ಶಾಲಾ ವರ್ಷ ಜೂನ್ ಮೂರನೆಯ ವಾರದವರೆಗೆ ನಡೆಯುವುದರಿಂದ ಅದನ್ನು ಮುಗಿಸಿಕೊಂಡೇ ಬರುವ ವಿಚಾರವಿದೆ. ಈ ದಾರಿಯಲ್ಲಿ ಆಗಲೇ ನಡೆದವರು ನಿಮ್ಮ ಅನುಭವ ಹೇಳಿದರೆ ಉಪಕಾರವಾಗುತ್ತದೆ.

ಡೊಂಬಿವಲಿ ಮೇಷ್ಟ್ರು:

ತಂಗಿ, ಬೋರ್ಡ್ ಯಾವುದೆಂಬ ಪ್ರಶ್ನೆಯನ್ನು ಸ್ವಲ್ಪ ಬದಿಗಿಟ್ಟು ಮೊದಲು ಪಂಚಾಂಗ ನೋಡಿ. ಸಿಬಿಎಸ್‌ಇ ಮತ್ತು ಐಸಿಎಸ್‌ಇ ಶಾಲೆಗಳು ಇಲ್ಲಿ ಹೆಚ್ಚಾಗಿ ಏಪ್ರಿಲ್ ಆರಂಭದಲ್ಲಿ ಹೊಸ ವರ್ಷ ಶುರು ಮಾಡಿ, ಕೆಲವು ವಾರ ಪಾಠ ನಡೆಸಿ, ಬೇಸಿಗೆ ರಜೆ ಕೊಟ್ಟು ಜೂನ್‌ನಲ್ಲಿ ಮತ್ತೆ ತೆರೆಯುತ್ತವೆ. ಮಹಾರಾಷ್ಟ್ರ ರಾಜ್ಯ ಮಂಡಳಿಯ ಶಾಲೆಗಳು ಜೂನ್ ಮಧ್ಯದಲ್ಲಿ ಶುರುವಾಗುತ್ತವೆ. ಐಬಿ ಮತ್ತು ಕೇಂಬ್ರಿಡ್ಜ್ ಶಾಲೆಗಳಲ್ಲಿ ಅನೇಕವು ಆಗಸ್ಟ್‌ನಲ್ಲಿ ತೆರೆಯುತ್ತವೆ. ನೀವು ಜೂನ್ ಕೊನೆಗೆ ವಿಮಾನ ಇಳಿದರೆ ಸಿಬಿಎಸ್‌ಇ ಶಾಲೆಯಲ್ಲಿ ಒಂದೆರಡು ಅಧ್ಯಾಯಗಳು ಮುಗಿದು ಮೊದಲ ಕಿರುಪರೀಕ್ಷೆಯ ವೇಳಾಪಟ್ಟಿ ಗೋಡೆಗೆ ಏರಿರುತ್ತದೆ. ಅದಕ್ಕಿಂತ ದೊಡ್ಡ ತೊಂದರೆಯೆಂದರೆ ಸೀಟು: ಏಪ್ರಿಲ್‌ನ ತರಗತಿಗೆ ಅರ್ಜಿ ಕೊಡುವ ಕಾಲ ಹಿಂದಿನ ವರ್ಷದ ದೀಪಾವಳಿಯ ಆಸುಪಾಸಿನಲ್ಲೇ ಬಂದು ಹೋಗುವುದರಿಂದ, ಜೂನ್‌ನಲ್ಲಿ ಯಾರಾದರೂ ಬಿಟ್ಟುಹೋದ ಜಾಗಕ್ಕಾಗಿ ಕಾಯಬೇಕಾಗುತ್ತದೆ.

ಎರಡನೆಯ ಮಾತು ನಿಮ್ಮ ಮಗಳ ತರಗತಿಯದು. ಸಿಬಿಎಸ್‌ಇಯಲ್ಲಿ ಒಂಬತ್ತು ಮತ್ತು ಹತ್ತು ಸೇರಿ ಎರಡು ವರ್ಷಗಳ ಒಂದೇ ಪಠ್ಯಕ್ರಮ. ಒಂಬತ್ತರಲ್ಲಿಯೇ ಮಗುವಿನ ಹೆಸರು ಬೋರ್ಡ್‌ನಲ್ಲಿ ನೋಂದಣಿಯಾಗುತ್ತದೆ, ಹತ್ತನೆಯ ತರಗತಿಗೆ ನೇರ ಪ್ರವೇಶವೆಂಬುದು ಪೋಷಕರ ವರ್ಗಾವಣೆಯಂಥ ಕಾರಣಗಳಿದ್ದರೆ ಮಾತ್ರ ಸಿಗುವಂಥದ್ದು. ಐಸಿಎಸ್‌ಇ ವ್ಯವಸ್ಥೆಯೂ ಹೆಚ್ಚು ಕಡಿಮೆ ಹೀಗೆಯೇ. ಆದ್ದರಿಂದ ಎಂಟನೆಯ ತರಗತಿಯೆಂಬುದು ಬಾಗಿಲು ಸಲೀಸಾಗಿ ತೆರೆದಿರುವ ಕೊನೆಯ ವರ್ಷ. ಆ ವರ್ಷ ನಿಮ್ಮ ಮಗಳಿಗೆ ಇಡಿಯಾಗಿ ಸಿಗಬೇಕು, ಅರ್ಧಕ್ಕೆ ಅಲ್ಲ.

ಮಗನ ವಿಷಯದಲ್ಲಿ ಅವಸರ ಬೇಡ. ಮಹಾರಾಷ್ಟ್ರದ ನಿಯಮದಂತೆ ಆ ವರ್ಷದ ಡಿಸೆಂಬರ್ 31ಕ್ಕೆ ಆರು ತುಂಬುವ ಮಗುವನ್ನು ಒಂದನೆಯ ತರಗತಿಗೆ ಸೇರಿಸಬಹುದು. ಆ ಲೆಕ್ಕ ಹಿಡಿದರೆ ನವೆಂಬರ್‌ನಲ್ಲಿ ಹುಟ್ಟಿದ ನಿಮ್ಮ ಹುಡುಗ ಬರುವ ವರ್ಷ ಮೂರನೆಯ ತರಗತಿಗೂ ಅರ್ಹ. ಯಾರಾದರೂ ಹಾಗೆ ಹೇಳಿ ಆಸೆ ಹುಟ್ಟಿಸಿದರೆ ಕೇಳಬೇಡಿ, ಎರಡಕ್ಕೇ ಸೇರಿಸಿ. ಎರಡು ಹೊಸ ಭಾಷೆ ಕಲಿಯಬೇಕಾದ ಮಗುವಿಗೆ ಒಂದು ತರಗತಿ ಹಾರಿಸುವುದು ಅನ್ಯಾಯ.

ಹಿಂಜೆವಾಡಿ ನಿವಾಸಿ:

ಮೇಷ್ಟ್ರ ಪಂಚಾಂಗವನ್ನು ಒಪ್ಪುತ್ತೇನೆ. ನಾವು ಜರ್ಮನಿಯಿಂದ ಬಂದಾಗ ಮಗನನ್ನು ಕೇಂಬ್ರಿಡ್ಜ್ ಪಠ್ಯಕ್ರಮದ ಶಾಲೆಗೆ ಸೇರಿಸಿದೆವು, ಆಗಸ್ಟ್‌ನಲ್ಲಿ ಯಾವ ಧಾವಂತವೂ ಇಲ್ಲದೆ ತರಗತಿ ಶುರುವಾಯಿತು. ಪ್ರಶ್ನೆ ಕೇಳಿದರೆ ಉದ್ಧಟತನವೆಂದುಕೊಳ್ಳದ ಶಿಕ್ಷಕರು, ಮೂವತ್ತಕ್ಕಿಂತ ಕಡಿಮೆ ಮಕ್ಕಳ ತರಗತಿ, ಇವೆಲ್ಲ ವಿದೇಶದಲ್ಲಿ ಬೆಳೆದ ಮಗುವಿಗೆ ದೊಡ್ಡ ಆಸರೆ. ಮುಂದೆ ಇದಕ್ಕೆ ಮಾನ್ಯತೆ ಇದೆಯೇ ಎಂಬ ಹೆದರಿಕೆಗೆ ಆಧಾರವಿಲ್ಲ. ಐಬಿ ಡಿಪ್ಲೊಮಾ, ಕೇಂಬ್ರಿಡ್ಜ್ ಎ-ಲೆವೆಲ್ ಎರಡನ್ನೂ ಭಾರತೀಯ ವಿಶ್ವವಿದ್ಯಾಲಯಗಳ ಸಂಘವು ಹನ್ನೆರಡನೆಯ ತರಗತಿಗೆ ಸಮಾನವೆಂದು ಪರಿಗಣಿಸುತ್ತದೆ. ಅದಕ್ಕೆ ಬೇಕಾದ ವಿಷಯ ಮತ್ತು ದರ್ಜೆಯ ಷರತ್ತುಗಳಿವೆ, ಅಷ್ಟೆ.

ಖರ್ಚಿನ ವಿಷಯದಲ್ಲಿ ಮಾತ್ರ ಮುಚ್ಚುಮರೆ ಮಾಡಬಾರದು. ಶುಲ್ಕದ ಪಟ್ಟಿಯಲ್ಲಿ ಕಾಣದ ಪರೀಕ್ಷಾ ಶುಲ್ಕ, ಪುಸ್ತಕ, ಪ್ರವಾಸ, ಬಸ್ಸು ಎಲ್ಲವನ್ನೂ ಕೂಡಿಸಿ, ಅದನ್ನು ಎರಡು ಮಕ್ಕಳಿಗೆ, ಹನ್ನೆರಡನೆಯವರೆಗೆ ಗುಣಿಸಿ ನೋಡಿ. ಡಾಲರ್ ಸಂಬಳದಲ್ಲಿ ಲೆಕ್ಕ ಹಾಕುವ ಅಭ್ಯಾಸ ರೂಪಾಯಿ ಸಂಬಳ ಬಂದ ಮೊದಲ ವರ್ಷವೇ ಕೈಕೊಡುತ್ತದೆ.

ಮುಲುಂಡ್ ಲೆಕ್ಕಿಗ:

ಶುಲ್ಕದ ಬಗ್ಗೆ ಒಂದು ಪೂರಕ ಮಾತು. ಮಹಾರಾಷ್ಟ್ರದಲ್ಲಿ 2011ರ ಶುಲ್ಕ ನಿಯಂತ್ರಣ ಕಾಯ್ದೆಯಿದೆ. ಅದರಂತೆ ಪೋಷಕ-ಶಿಕ್ಷಕ ಸಂಘದ ಕಾರ್ಯಕಾರಿ ಸಮಿತಿಯ ಮುಂದೆ ಶುಲ್ಕದ ಪ್ರಸ್ತಾವ ಬರಬೇಕು, ಒಮ್ಮೆ ನಿಗದಿಯಾದ ಶುಲ್ಕ ಎರಡು ಶೈಕ್ಷಣಿಕ ವರ್ಷ ನಿಲ್ಲಬೇಕು. ಆದ್ದರಿಂದ ಶಾಲೆ ನೋಡಲು ಹೋದಾಗ ಈಗಿನ ಶುಲ್ಕ ಎಷ್ಟೆಂದು ಕೇಳುವುದರ ಜೊತೆಗೆ, ಕೊನೆಯ ಬಾರಿ ಏರಿಸಿದ್ದು ಯಾವಾಗ ಎಂದೂ ಕೇಳಿ. ಏರಿಸುವ ವರ್ಷದ ಹೊಸ್ತಿಲಲ್ಲಿ ನೀವು ಸೇರುತ್ತಿರಬಹುದು.

ಆದರೆ ನನಗೆ ಶುಲ್ಕಕ್ಕಿಂತ ಓಸಿಐ ವಿಷಯ ಗಂಭೀರವಾಗಿ ಕಾಣುತ್ತದೆ. ಮಕ್ಕಳ ಕಾರ್ಡ್‌ಗಳನ್ನು ಯಾವ ವರ್ಷ ಮಾಡಿಸಿದಿರಿ?

ನ್ಯೂಜೆರ್ಸಿ ಸೊಸೆ:

ಮಗಳದು 2014ರಲ್ಲಿ, ಮಗನದು ಕೋವಿಡ್ ಕಾರಣದಿಂದ ತಡವಾಗಿ 2022ರಲ್ಲಿ. ಶಾಲೆಗೂ ಇದಕ್ಕೂ ಏನು ಸಂಬಂಧವೆಂದು ತಿಳಿಯಲಿಲ್ಲ.

ಮುಲುಂಡ್ ಲೆಕ್ಕಿಗ:

ಶಾಲೆಗೆ ಸೇರಿಸಲು ಯಾವ ಅಡ್ಡಿಯೂ ಇಲ್ಲ. ಸಂಬಂಧವಿರುವುದು ಹನ್ನೆರಡನೆಯ ತರಗತಿಯ ನಂತರಕ್ಕೆ, ಮತ್ತು ಬೋರ್ಡ್ ಆರಿಸುವಾಗ ಆ ತುದಿಯಿಂದ ಹಿಂದಕ್ಕೆ ಯೋಚಿಸುತ್ತ ಬರಬೇಕೆಂಬುದು ನನ್ನ ಅಭಿಪ್ರಾಯ. ಕೇಂದ್ರ ಗೃಹ ಸಚಿವಾಲಯವು 2021ರ ಮಾರ್ಚ್ 4ರಂದು ಹೊರಡಿಸಿದ ಅಧಿಸೂಚನೆಯ ಪ್ರಕಾರ ಓಸಿಐ ಕಾರ್ಡುದಾರರು ನೀಟ್, ಜೆಇಇ ಮುಂತಾದ ಪರೀಕ್ಷೆಗಳನ್ನು ಬರೆಯಬಹುದು. ಆದರೆ ಅದರ ಆಧಾರದ ಮೇಲೆ ಅವರಿಗೆ ದೊರೆಯುವುದು ಅನಿವಾಸಿ ಭಾರತೀಯರ ಸೀಟು ಅಥವಾ ಹೆಚ್ಚುವರಿಯಾಗಿ ಸೃಷ್ಟಿಸಿದ ಸೀಟು ಮಾತ್ರ. ಭಾರತೀಯ ನಾಗರಿಕರಿಗೆಂದೇ ಮೀಸಲಾದ ಸೀಟುಗಳಿಗೆ ಅವರು ಅರ್ಹರಲ್ಲ. ಇದನ್ನು ಪ್ರಶ್ನಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರ ಫೆಬ್ರವರಿಯಲ್ಲಿ, ಈ ನಿರ್ಬಂಧವು ಆ ದಿನಾಂಕದ ನಂತರ ಕಾರ್ಡ್ ಪಡೆದವರಿಗೆ ಮಾತ್ರ ಅನ್ವಯವಾಗುತ್ತದೆಂದು ತೀರ್ಪಿತ್ತಿತು.

ಹೀಗಾಗಿ ನಿಮ್ಮ ಮನೆಯಲ್ಲಿ ಅಕ್ಕನಿಗೆ ಒಂದು ನಿಯಮ, ತಮ್ಮನಿಗೆ ಇನ್ನೊಂದು. ಮಗಳಿಗೆ ಜೆಇಇ, ನೀಟ್ ದಾರಿ ಹಳೆಯ ನಿಯಮದಂತೆ ತೆರೆದಿದೆ. ಮಗನಿಗೆ ಆ ದಾರಿ ಕಿರಿದು. ಜೊತೆಗೆ, ಮಹಾರಾಷ್ಟ್ರದ ವೈದ್ಯಕೀಯ ಕಾಲೇಜುಗಳ ರಾಜ್ಯ ಕೋಟಾಕ್ಕೆ ಹತ್ತು ಮತ್ತು ಹನ್ನೆರಡು ಎರಡನ್ನೂ ಇಲ್ಲಿಯೇ ಪಾಸು ಮಾಡಿರಬೇಕೆಂಬ ಷರತ್ತಲ್ಲದೆ ಅಧಿವಾಸ (ಡೊಮಿಸೈಲ್) ಪ್ರಮಾಣಪತ್ರವೂ ಬೇಕು. ಆ ಪತ್ರದ ಪೂರ್ಣ ಹೆಸರಿನಲ್ಲಿಯೇ ರಾಷ್ಟ್ರೀಯತೆ ಎಂಬ ಮಾತಿದೆ. ಸಾಮಾನ್ಯವಾಗಿ ಅದಕ್ಕೆ ಹದಿನೈದು ವರ್ಷದ ವಾಸವನ್ನೂ ಕೇಳುತ್ತಾರೆ. ಅಮೆರಿಕದ ಪಾಸ್‌ಪೋರ್ಟ್ ಇರುವ ಮಕ್ಕಳಿಗೆ ಇದು ಸಲೀಸಾಗಿ ಸಿಗುವ ಕಾಗದವಲ್ಲ. ಬೆಂಗಳೂರಿಗೆ ಹೋಗಿ ನೆಲೆಸಿದರೂ ಅಲ್ಲಿಯ ಸಿಇಟಿಗೆ ಸಾಮಾನ್ಯವಾಗಿ ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ಓದಿರಬೇಕೆಂಬ ನಿಯಮವಿದೆ. ಏಳನೆಯಲ್ಲಿರುವ ಮಗಳಿಗೆ ಆ ಲೆಕ್ಕ ಈಗಲೇ ತಪ್ಪಿಹೋಗಿದೆ.

ಹಿಂಜೆವಾಡಿ ನಿವಾಸಿ:

ಇದು ನಿಜವಾಗಿಯೂ ಉಪಯುಕ್ತ ಮಾಹಿತಿ. ಹಾಗಿದ್ದರೆ ಮಗನಿಗೆ ಐಬಿಯೇ ಸರಿ ಎಂದಾಯಿತಲ್ಲ? ಮುಂದೆ ಅವನು ಕಾಲೇಜಿಗೆ ಹೊರಗೇ ಹೋಗುವ ಸಾಧ್ಯತೆ ಹೆಚ್ಚು.

ಬಾಣೇರ್ ತಾಯಿ:

ಏಳು ವರ್ಷದ ಹುಡುಗನ ಕಾಲೇಜನ್ನು ಈಗಲೇ ನಿಶ್ಚಯಿಸುವುದು ಬೇಡ. ಪ್ರಾಥಮಿಕ ಹಂತದಲ್ಲಿ ಬೋರ್ಡ್‌ಗಿಂತ ಶಾಲೆಯ ಒಳಗಿನ ನಡವಳಿಕೆ ಮುಖ್ಯ. ಐದು ಅಥವಾ ಆರನೆಯ ತರಗತಿಯಲ್ಲಿ ಬದಲಾಯಿಸಲು ಧಾರಾಳ ಅವಕಾಶವಿರುತ್ತದೆ. ನಾವು ಸಿಂಗಪುರದಿಂದ ಬಂದವರು. ಶಾಲೆ ನೋಡಲು ಹೋದಲ್ಲೆಲ್ಲ ನಾನು ಒಂದೇ ಕೋರಿಕೆ ಇಡುತ್ತಿದ್ದೆ: ಯಾವುದಾದರೂ ಒಂದು ತರಗತಿಯ ನಾಲ್ಕೈದು ಮಕ್ಕಳ ಸಮಾಜ ವಿಜ್ಞಾನದ ನೋಟ್‌ಬುಕ್‌ಗಳನ್ನು ತೋರಿಸಿ. ಒಂದು ಶಾಲೆಯಲ್ಲಿ ತಂದಿಟ್ಟ ಐದೂ ನೋಟ್‌ಬುಕ್‌ಗಳಲ್ಲಿ ಶಿವಾಜಿ ಮಹಾರಾಜರ ಆಡಳಿತದ ಪ್ರಶ್ನೆಗೆ ಅಕ್ಷರವೂ ಬದಲಾಗದ ಒಂದೇ ಉತ್ತರವಿತ್ತು, ಕಾಗುಣಿತ ತಪ್ಪು ಕೂಡ ಐದರಲ್ಲೂ ಒಂದೇ ಜಾಗದಲ್ಲಿತ್ತು, ಕೆಳಗೆ ಕೆಂಪು ಶಾಯಿಯಲ್ಲಿ 'ಉತ್ತಮ' ಎಂದು ಬರೆದಿತ್ತು. ಇನ್ನೊಂದು ಶಾಲೆಯಲ್ಲಿ ಮೂರು ನೋಟ್‌ಬುಕ್‌ಗಳು ಗಲೀಜಾಗಿದ್ದವು, ಉತ್ತರಗಳು ಬೇರೆ ಬೇರೆ ಉದ್ದದವು, ಶಿಕ್ಷಕಿ ಅಂಚಿನಲ್ಲಿ ಎರಡು ಸಾಲಿನ ಪ್ರಶ್ನೆ ಕೇಳಿದ್ದರು, ಮಗು ಅದರ ಕೆಳಗೆ ಪೆನ್ಸಿಲ್‌ನಲ್ಲಿ ಮರುತ್ತರ ಬರೆದಿತ್ತು. ಎರಡನೆಯದು ಸಾಧಾರಣ ಕಟ್ಟಡದ ಸಿಬಿಎಸ್‌ಇ ಶಾಲೆ, ಮೊದಲನೆಯದರ ಹೆಸರಿನಲ್ಲಿ 'ಇಂಟರ್‌ನ್ಯಾಷನಲ್' ಇತ್ತು. ಆ ಪದವನ್ನು ಯಾರು ಬೇಕಾದರೂ ಫಲಕದ ಮೇಲೆ ಬರೆಸಿಕೊಳ್ಳುತ್ತಾರೆ. ಒಳಗೆ ನಡೆಯುವ ಪಠ್ಯಕ್ರಮ ಯಾವುದು, ಮಾನ್ಯತೆಯ ಪತ್ರವೆಲ್ಲಿ, ಸರ್ಕಾರ ಪ್ರತಿ ಶಾಲೆಗೆ ಕೊಡುವ ಹನ್ನೊಂದು ಅಂಕಿಯ ಯುಡೈಸ್ ಸಂಖ್ಯೆ ಇದೆಯೇ ಎಂದು ಕೇಳಿ ನೋಡಿಕೊಳ್ಳಬೇಕು.

ಇನ್ನು ದೂರ. ಕೋಥ್ರೂಡ್‌ನಲ್ಲಿ ಮನೆ, ಹಿಂಜೆವಾಡಿಯಲ್ಲಿ ಕಚೇರಿ ಎಂದಿರಿ. ಅಪ್ಪನ ಕಚೇರಿಯ ಹತ್ತಿರವೆಂದು ಹಿಂಜೆವಾಡಿ ಅಥವಾ ವಾಕಡ್ ಕಡೆಯ ಶಾಲೆ ಆರಿಸಿದರೆ ಮಕ್ಕಳು ಪ್ರತಿದಿನ ಚಾಂದನಿ ಚೌಕ ದಾಟಿ ಹೆದ್ದಾರಿಯಲ್ಲಿ ಹೋಗಿ ಬರಬೇಕು. ಅಲ್ಲಿಯ ಹೊಸ ಮೇಲ್ಸೇತುವೆ 2023ರಲ್ಲಿ ತೆರೆದ ಮೇಲೆ ಆ ವೃತ್ತದ ಕಷ್ಟ ಕಡಿಮೆಯಾಗಿದೆ, ಆದರೆ ಮಳೆಗಾಲದ ಸಂಜೆ ಹಿಂಜೆವಾಡಿಯಿಂದ ಹೊರಬೀಳುವ ಕಷ್ಟ ಹಾಗೆಯೇ ಇದೆ. ಬಸ್ಸಿನ ಮೊದಲ ನಿಲ್ದಾಣದ ಮಗುವೇ ಕೊನೆಗೆ ಇಳಿಯುವುದುಂಟು, ಆದ್ದರಿಂದ ನಿಮ್ಮ ನಿಲ್ದಾಣದ ಹತ್ತುವ ಮತ್ತು ಇಳಿಯುವ ಸಮಯ ಎರಡನ್ನೂ ಬರೆದು ಕೊಡುವಂತೆ ಕೇಳಿ. ಮಾವನವರ ಮಾತಿನಲ್ಲಿ ತೂಕವಿದೆ.

ಮಾಟುಂಗಾ ಓದುಗ:

ಇಷ್ಟು ಚರ್ಚೆಯಾದರೂ ಭಾಷೆಯ ವಿಷಯವನ್ನು ಯಾರೂ ಎತ್ತಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ಮಹಾರಾಷ್ಟ್ರದಲ್ಲಿ 2020ರ ಕಾಯ್ದೆಯಂತೆ ಯಾವ ಬೋರ್ಡ್‌ನ ಶಾಲೆಯಾದರೂ ಮರಾಠಿ ಕಲಿಸುವುದು ಕಡ್ಡಾಯ. ಕಲಿಸದ ಶಾಲೆಗೆ ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ಹಾಗಾಗಿ ಮರಾಠಿಯಿಂದ ತಪ್ಪಿಸಿಕೊಳ್ಳಲು ಬೋರ್ಡ್ ಬದಲಾಯಿಸುವ ಯೋಚನೆ ಕೈಗೂಡುವುದಿಲ್ಲ, ಕೈಗೂಡಬೇಕಾಗಿಯೂ ಇಲ್ಲ. ಈ ಊರಿನ ಅನ್ನ ತಿನ್ನುವವರು ಈ ಊರಿನ ಭಾಷೆ ಕಲಿಯಬೇಕು. ಹಿಂದಿಯ ವಿಷಯದಲ್ಲಿ 2025ರ ಏಪ್ರಿಲ್‌ನಲ್ಲಿ ಒಂದನೆಯ ತರಗತಿಯಿಂದಲೇ ಮೂರನೆಯ ಭಾಷೆಯಾಗಿ ಕಲಿಸುವ ಆದೇಶ ಬಂದು, ದೊಡ್ಡ ವಿರೋಧವೆದ್ದು, ಜೂನ್ ಕೊನೆಗೆ ಸರ್ಕಾರ ಆದೇಶಗಳನ್ನು ಹಿಂತೆಗೆದುಕೊಂಡಿತು. ಆದರೂ ಅನೇಕ ಖಾಸಗಿ ಶಾಲೆಗಳು ಹಿಂದಿಯನ್ನು ಮೊದಲಿನಿಂದ ಕಲಿಸುತ್ತಲೇ ಇವೆ. ನೀವು ಆರಿಸುವ ಶಾಲೆಯಲ್ಲಿ ಯಾವ ತರಗತಿಯಲ್ಲಿ ಯಾವ ಭಾಷೆ, ಅದರ ಅಂಕಗಳು ಒಟ್ಟು ಫಲಿತಾಂಶಕ್ಕೆ ಸೇರುತ್ತವೆಯೇ ಎಂದು ಕೇಳಿ ತಿಳಿದುಕೊಳ್ಳಿ.

ಕನ್ನಡ ಎಲ್ಲಿ ಉಳಿಯಿತು ಎಂಬುದು ನನ್ನ ನಿಜವಾದ ಪ್ರಶ್ನೆ. ಮುಂಬಯಿ ಮಹಾನಗರಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ, ಅವುಗಳಲ್ಲಿ ಕನ್ನಡವೂ ಒಂದು. ಅಂಥ ಶಾಲೆಯಲ್ಲಿ ಓದಿದ ತಲೆಮಾರಿನವನು ನಾನು. ನಮ್ಮ ಸಂಘಗಳು ಕಟ್ಟಿದ ಶಾಲೆಗಳು ವಡಾಲದಲ್ಲಿವೆ, ಡೊಂಬಿವಲಿಯಲ್ಲಿವೆ. ಪುಣೆಯಲ್ಲಿ ಕನ್ನಡ ಸಂಘವೇ ಶಾಲಾ-ಕಾಲೇಜುಗಳನ್ನು ನಡೆಸುತ್ತಿದೆ. ಆದರೂ ನಮ್ಮವರು ಶಾಲೆ ಹುಡುಕುವಾಗ ಕನ್ನಡಕ್ಕೆ ಒಂದು ಅಂಕವನ್ನೂ ಕೊಡುವುದಿಲ್ಲ. ಅಮೆರಿಕದಲ್ಲಿ ಭಾನುವಾರ ಕಾರು ಓಡಿಸಿಕೊಂಡು ಹೋಗಿ ಕನ್ನಡ ಕಲಿಸಿದವರು ಪುಣೆಗೆ ಬಂದ ಮೇಲೆ ಬಿಟ್ಟುಬಿಡುತ್ತಾರೆ ಎಂಬುದನ್ನು ಬಹಳ ಮನೆಗಳಲ್ಲಿ ಕಂಡಿದ್ದೇನೆ.

ಹಿಂಜೆವಾಡಿ ನಿವಾಸಿ:

ಓದುಗರ ಕಳಕಳಿ ಅರ್ಥವಾಗುತ್ತದೆ, ಆದರೆ ವಿದೇಶದಿಂದ ಎಂಟನೆಯ ತರಗತಿಗೆ ಬರುವ ಹುಡುಗಿಯ ಮೇಲೆ ಮರಾಠಿ, ಹಿಂದಿ, ಕನ್ನಡ ಮೂರನ್ನೂ ಒಟ್ಟಿಗೆ ಹೇರುವುದು ಎಷ್ಟು ಸರಿ?

ಡೊಂಬಿವಲಿ ಮೇಷ್ಟ್ರು:

ಹೇರಬೇಕಾಗಿಲ್ಲ, ಜೋಡಿಸಿದರೆ ಸಾಕು. ಕನ್ನಡದ ಕಾಗುಣಿತ ಕಲಿತ ಮಗುವಿಗೆ ಮರಾಠಿಯ ಬಾರಾಖಡಿ ಹೊಸ ವಿದ್ಯೆಯಲ್ಲ. ಸ್ವರ, ವ್ಯಂಜನ, ಒತ್ತಕ್ಷರಗಳ ಕ್ರಮ ಅದಕ್ಕೆ ಗೊತ್ತು, ಬದಲಾಗುವುದು ಅಕ್ಷರದ ಆಕಾರ. ನನ್ನ ತರಗತಿಗಳಲ್ಲಿ ಉತ್ತರ ಭಾರತದಿಂದ ಬಂದ ಮಕ್ಕಳು ಮರಾಠಿಯ 'ಳ'ಕಾರಕ್ಕೆ ತಿಣುಕುತ್ತಿದ್ದರು, ಕನ್ನಡದ ಮಕ್ಕಳಿಗೆ ಅದು ಮನೆಯಲ್ಲೇ ಸಿಕ್ಕಿರುತ್ತಿತ್ತು. ದೇವನಾಗರಿ ಒಮ್ಮೆ ಕೂತರೆ ಮರಾಠಿ, ಹಿಂದಿ ಎರಡಕ್ಕೂ ಅದೇ ಲಿಪಿ. ಆದ್ದರಿಂದ ಮೊದಲು ಮರಾಠಿ, ಅದರ ಬೆನ್ನಿಗೆ ಹಿಂದಿ.

ಪುಸ್ತಕಕ್ಕೆ ಹುಡುಕಾಡಬೇಕಿಲ್ಲ. 1967ರಲ್ಲಿ ಸ್ಥಾಪನೆಯಾಗಿ ಈಗ ಪುಣೆಯ ಸೇನಾಪತಿ ಬಾಪಟ್ ರಸ್ತೆಯಲ್ಲಿರುವ ಬಾಲಭಾರತಿ, ಅಂದರೆ ರಾಜ್ಯದ ಪಠ್ಯಪುಸ್ತಕ ಮಂಡಳಿ, ತನ್ನ ಪುಸ್ತಕಗಳನ್ನು ಜಾಲತಾಣದಲ್ಲಿ ಉಚಿತವಾಗಿ ಇಟ್ಟಿದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಕನ್ನಡ ಶಾಲೆಗಳಿಗಾಗಿ ಅದು ಕನ್ನಡ ಮಾಧ್ಯಮದ ಪುಸ್ತಕಗಳನ್ನೂ ಅಚ್ಚು ಹಾಕುತ್ತದೆಯೆಂಬುದು ನಮ್ಮ ಎಷ್ಟೋ ಜನರಿಗೆ ಗೊತ್ತಿಲ್ಲ. ನಿಮ್ಮ ಮಗನಿಗೆ ಒಂದನೆಯ ತರಗತಿಯ ಕನ್ನಡ ಪುಸ್ತಕ ಮತ್ತು ಮರಾಠಿ ಪುಸ್ತಕ ಎರಡನ್ನೂ ಇಳಿಸಿಕೊಳ್ಳಿ. ಕೋಥ್ರೂಡ್‌ನಲ್ಲಿ ಅಜ್ಜ ಇದ್ದಾರಲ್ಲ, ದಿನಕ್ಕೆ ಅರ್ಧ ಗಂಟೆ ಅವರಿಗೆ ವಹಿಸಿ.

ಮಸ್ಕತ್‌ನಿಂದ ಬಂದವಳು:

ನಾನು ಈ ವೇದಿಕೆಯಲ್ಲಿ ಸಾಮಾನ್ಯವಾಗಿ ಓದುವವಳು, ಬರೆಯುವವಳಲ್ಲ. ಈಗ ಪುಣೆಯಲ್ಲಿ ಪದವಿ ಓದುತ್ತಿದ್ದೇನೆ, ಎಂಟನೆಯ ತರಗತಿಗೆ ಮಸ್ಕತ್‌ನಿಂದ ಬಂದೆ. ಪೋಷಕರು ಬೋರ್ಡ್ ಬಗ್ಗೆ ಮಾತಾಡುತ್ತಾರೆ. ಮಕ್ಕಳಿಗೆ ತಟ್ಟುವುದು ಬೇರೆಯೇ. ನಾನು ಓದಿದ್ದು ಅಲ್ಲಿಯೂ ಭಾರತೀಯ ಪಠ್ಯಕ್ರಮದ ಶಾಲೆಯಾದ್ದರಿಂದ ಗಣಿತ, ವಿಜ್ಞಾನ ಕಷ್ಟವಾಗಲಿಲ್ಲ. ಅಮೆರಿಕದಿಂದ ಬಂದ ನನ್ನ ಬೆಂಚಿನ ಗೆಳತಿಗೆ ಅತ್ಯಂತ ಕಷ್ಟವಾದದ್ದು ಮೂರು ಗಂಟೆ ಪೆನ್ನಿನಲ್ಲಿ ಬರೆಯುವುದು. ಅಲ್ಲಿ ಅವಳು ಎಲ್ಲವನ್ನೂ ಲ್ಯಾಪ್‌ಟಾಪ್‌ನಲ್ಲಿ ಬರೆದು ಅಭ್ಯಾಸ; ಇಲ್ಲಿ ಮೊದಲ ಪರೀಕ್ಷೆಯಲ್ಲಿ ಉತ್ತರ ಗೊತ್ತಿದ್ದೂ ಕೊನೆಯ ಎರಡು ಪ್ರಶ್ನೆ ಬಿಟ್ಟು ಬಂದಳು, ಮಧ್ಯದ ಬೆರಳು ಊದಿತ್ತು. ಭಾರತದ ನಕ್ಷೆಯಲ್ಲಿ ನದಿ ಗುರುತಿಸುವುದು, ಲಕ್ಷ-ಕೋಟಿಗಳಲ್ಲಿ ಅಂಕಿ ಓದುವುದು, ಪುಸ್ತಕದ ಮಾತಿನಲ್ಲೇ ವ್ಯಾಖ್ಯೆ ಬರೆಯುವುದು, ಇವು ಚಿಕ್ಕ ವಿಷಯಗಳಾದರೂ ಅಂಕ ಕೀಳುವುದು ಇವೇ. ಹೊರಡುವ ಮೊದಲೇ ದಿನಕ್ಕೊಂದು ಪುಟ ಕೈಯಲ್ಲಿ ಬರೆಸಿ.

ಇನ್ನೊಂದು, ಆ ವಯಸ್ಸಿನ ಹುಡುಗಿಯರ ಗುಂಪು ಜೂನ್ ಹೊತ್ತಿಗೆ ಗಟ್ಟಿಯಾಗಿಬಿಟ್ಟಿರುತ್ತದೆ. ಏಪ್ರಿಲ್‌ನಲ್ಲಿ ಸೇರಿದರೆ ಎಲ್ಲರೂ ಹೊಸ ವಿಭಾಗ, ಹೊಸ ಬೆಂಚು ಹುಡುಕುತ್ತಿರುತ್ತಾರೆ. ಆಂಟಿ, ಶಾಲೆ ನೋಡಲು ಬಂದಾಗ ಮಗಳನ್ನೂ ಕರೆತನ್ನಿ. ಬರಲಾಗದಿದ್ದರೆ ವಿಡಿಯೊ ಕರೆಯಲ್ಲಾದರೂ ಅವಳೇ ಮಾತಾಡಲಿ.

ನ್ಯೂಜೆರ್ಸಿ ಸೊಸೆ:

ಎಲ್ಲರ ಉತ್ತರಗಳನ್ನೂ ಯಜಮಾನರಿಗೆ ಓದಿ ಹೇಳಿದೆ. ಹಾಗಾದರೆ ಜೂನ್ ಬದಲು ಮಾರ್ಚ್ ಕೊನೆಗೇ ಬರಬಹುದೇ? ಆಗ ಮಗಳ ಏಳನೆಯ ತರಗತಿ ಇಲ್ಲಿ ಪೂರ್ತಿಯಾಗಿರುವುದಿಲ್ಲ. ಎಂಟಕ್ಕೆ ಸೇರಿಸಿಕೊಳ್ಳಲು ಶಾಲೆಯವರು ತಕರಾರು ಮಾಡುವುದಿಲ್ಲವೇ? ಪರೀಕ್ಷೆ ಇಡುತ್ತಾರೆಯೇ? ಇಲ್ಲಿ ಟಿಸಿ ಎಂಬ ಪದ್ಧತಿಯೇ ಇಲ್ಲ.

ಡೊಂಬಿವಲಿ ಮೇಷ್ಟ್ರು:

2009ರ ಶಿಕ್ಷಣ ಹಕ್ಕು ಕಾಯ್ದೆಯ ನಾಲ್ಕನೆಯ ಕಲಮು ವಯಸ್ಸಿಗೆ ತಕ್ಕ ತರಗತಿಯ ಮಾತು ಹೇಳುತ್ತದೆ, ಐದನೆಯದು ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸಬಾರದೆನ್ನುತ್ತದೆ, ಹದಿಮೂರನೆಯದು ಎಂಟನೆಯ ತರಗತಿಯವರೆಗೆ ಪ್ರವೇಶ ಪರೀಕ್ಷೆಯನ್ನೂ ಕ್ಯಾಪಿಟೇಶನ್ ಶುಲ್ಕವನ್ನೂ ನಿಷೇಧಿಸುತ್ತದೆ. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲವೆಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ನಮ್ಮ ಭಾಷಾ ಅಲ್ಪಸಂಖ್ಯಾತ ಶಾಲೆಗಳೂ ಅದರಲ್ಲಿ ಬರುತ್ತವೆ. ಕಾಯ್ದೆ ಹೀಗಿದ್ದರೂ 'ಸಂವಾದ'ವೆಂಬ ಹೆಸರಿನಲ್ಲಿ ಗಣಿತದ ಹಾಳೆ ಕೊಡುವ ಶಾಲೆಗಳಿವೆ. ಕಲಮು ತೋರಿಸಿ ಜಗಳಕ್ಕೆ ನಿಲ್ಲಬೇಡಿ. ಮಗಳು ಆ ಹಾಳೆ ಬರೆಯಲಿ, ಅದರಿಂದ ಅವಳಿಗೆ ಎಲ್ಲಿ ಸಹಾಯ ಬೇಕೆಂಬುದು ನಿಮಗೂ ತಿಳಿಯುತ್ತದೆ.

ಅಲ್ಲಿಯ ಶಾಲೆಯಿಂದ ಒಂದು ಪತ್ರ ಬರೆಸಿಕೊಳ್ಳಿ: ಈ ವಿದ್ಯಾರ್ಥಿನಿ ಇಂಥ ದಿನದವರೆಗೆ ಏಳನೆಯ ತರಗತಿಯಲ್ಲಿ ಓದಿದ್ದಾಳೆ, ಪ್ರಗತಿ ತೃಪ್ತಿಕರವಾಗಿದೆ, ಬಾಕಿ ಏನೂ ಇಲ್ಲ. ಟಿಸಿಯ ಜಾಗದಲ್ಲಿ ಅದೇ ನಡೆಯುತ್ತದೆ. ಹಿಂದಿನ ವರ್ಷಗಳ ಅಂಕಪಟ್ಟಿ, ಲಸಿಕೆಯ ದಾಖಲೆ ಜೊತೆಗಿರಲಿ. ಅಮ್ಮಾ, ಒಂದು ಎಚ್ಚರಿಕೆ: ಅಮೆರಿಕದ ಕಾಗದಗಳಲ್ಲಿ ತಿಂಗಳು ಮೊದಲು, ದಿನ ನಂತರ ಬರೆಯುತ್ತಾರೆ. 04/07 ಎಂದಿದ್ದರೆ ನಮ್ಮ ಗುಮಾಸ್ತ ಅದನ್ನು ಜುಲೈ ನಾಲ್ಕೆಂದು ದಾಖಲೆ ಪುಸ್ತಕದಲ್ಲಿ ಬರೆದುಬಿಡುತ್ತಾನೆ, ಅದು ಹತ್ತನೆಯ ತರಗತಿಯ ಪ್ರಮಾಣಪತ್ರದವರೆಗೂ ಹೋಗುತ್ತದೆ. ಅರ್ಜಿಯಲ್ಲಿ ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ. ಹೆಸರಿನ ಕ್ರಮವೂ ಪಾಸ್‌ಪೋರ್ಟ್‌ನಲ್ಲಿದ್ದಂತೆಯೇ ಇರಲಿ, ಇಲ್ಲಿಯ ಪದ್ಧತಿಯಂತೆ ನಡುವೆ ತಂದೆಯ ಹೆಸರು ಸೇರಿಸಲು ಹೋಗಬೇಡಿ.

ಮುಲುಂಡ್ ಲೆಕ್ಕಿಗ:

ಆಧಾರ್ ಬಗ್ಗೆಯೂ ಹೇಳಿಬಿಡುತ್ತೇನೆ. ಶಾಲೆಯವರು ಮೊದಲ ದಿನವೇ ಕೇಳುತ್ತಾರೆ. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿಗೆ ಬಂದ ಕೂಡಲೇ ಆಧಾರ್ ಸಿಗುತ್ತದೆ. ಓಸಿಐ ಮಕ್ಕಳು ಹಿಂದಿನ ಹನ್ನೆರಡು ತಿಂಗಳಲ್ಲಿ 182 ದಿನ ಭಾರತದಲ್ಲಿ ಇದ್ದಿರಬೇಕು. ಅಂದರೆ ಮಾರ್ಚ್ ಕೊನೆಗೆ ಬಂದರೆ ಸೆಪ್ಟೆಂಬರ್ ಕೊನೆಯವರೆಗೆ ಕಾಯಬೇಕು. ಇದನ್ನು ಶಾಲೆಯವರಿಗೆ ಮೊದಲೇ ಬರೆದು ತಿಳಿಸಿ. ದುಬೈಯಿಂದ ಬರುವವರು ಇದನ್ನು ಓದುತ್ತಿದ್ದರೆ ಗಮನಿಸಿ: ಅಮೆರಿಕದ ಕಾಗದಕ್ಕೆ ಅಪೋಸ್ಟಿಲ್ (ಅಂತರರಾಷ್ಟ್ರೀಯ ಒಪ್ಪಂದದಂತೆ ಹಾಕುವ ದೃಢೀಕರಣ ಮುದ್ರೆ) ಸಾಕಾಗುತ್ತದೆ, ಯುಎಇ ಆ ಒಪ್ಪಂದದಲ್ಲಿ ಇಲ್ಲದ ಕಾರಣ ಅಲ್ಲಿಯ ಇಲಾಖೆ ಮತ್ತು ಭಾರತದ ದೂತಾವಾಸದ ದೃಢೀಕರಣ ಬೇಕಾಗುತ್ತದೆ.

ಹಿಂಜೆವಾಡಿ ನಿವಾಸಿ:

ಮಗಳನ್ನು ಸಿಬಿಎಸ್‌ಇಗೆ ಸೇರಿಸುವ ಕಡೆ ಎಲ್ಲರೂ ವಾಲುತ್ತಿದ್ದೀರಿ. ಅವಳಿಗೆ ಎಂಜಿನಿಯರಿಂಗ್, ವೈದ್ಯಕೀಯದಲ್ಲಿ ಆಸಕ್ತಿಯೇ ಇಲ್ಲದಿದ್ದರೆ?

ಬಾಣೇರ್ ತಾಯಿ:

ಆಸಕ್ತಿ ಯಾವುದೆಂದು ಹದಿಮೂರನೆಯ ವಯಸ್ಸಿಗೆ ತಿಳಿಯದಿರುವುದರಿಂದಲೇ ದಾರಿಗಳು ಹೆಚ್ಚು ತೆರೆದಿರುವ ಕಡೆ ಸೇರಿಸಬೇಕು. ಸಿಬಿಎಸ್‌ಇಯಲ್ಲಿ ಹತ್ತು ಮುಗಿಸಿದವಳು ಹನ್ನೊಂದಕ್ಕೆ ರಾಜ್ಯ ಮಂಡಳಿಯ ಕಿರಿಯ ಕಾಲೇಜಿಗೂ ಹೋಗಬಹುದು, ಐಬಿ ಡಿಪ್ಲೊಮಾಕ್ಕೂ ಹೋಗಬಹುದು. ಮಹಾರಾಷ್ಟ್ರದಲ್ಲಿ ಹನ್ನೊಂದನೆಯ ತರಗತಿಯ ಪ್ರವೇಶ 2025ರಿಂದ ಇಡೀ ರಾಜ್ಯಕ್ಕೆ ಒಂದೇ ಆನ್‌ಲೈನ್ ವ್ಯವಸ್ಥೆಯಲ್ಲಿ ನಡೆಯುತ್ತಿದೆ. ಅದರಲ್ಲಿ ಭಾಷಾ ಅಲ್ಪಸಂಖ್ಯಾತ ಕಾಲೇಜುಗಳ ಕೋಟಾ ಕೂಡ ಇರುವುದರಿಂದ ಕನ್ನಡಿಗರ ಸಂಸ್ಥೆಗಳಲ್ಲಿ ನಮ್ಮ ಮಕ್ಕಳಿಗೆ ಒಂದು ಹೆಚ್ಚಿನ ಅವಕಾಶ ಸಿಗುತ್ತದೆ. 2026ರಿಂದ ಸಿಬಿಎಸ್‌ಇ ಹತ್ತನೆಯ ಪರೀಕ್ಷೆಯನ್ನು ವರ್ಷಕ್ಕೆ ಎರಡು ಬಾರಿ ನಡೆಸುವುದಾಗಿ ನಿರ್ಧರಿಸಿರುವುದೂ ತಡವಾಗಿ ಬಂದ ಮಗುವಿಗೆ ಅನುಕೂಲ. ಆದರೆ ಅವಳು ಬರೆಯುವುದಕ್ಕಿಂತ ಮಾತಾಡಿ, ಮಾಡಿ ಕಲಿಯುವವಳಾಗಿದ್ದು, ಹಣದ ಅನುಕೂಲವಿದ್ದು, ಕಾಲೇಜಿಗೆ ಅಮೆರಿಕಕ್ಕೇ ಹಿಂದಿರುಗುವ ಯೋಚನೆ ಗಟ್ಟಿಯಾಗಿದ್ದರೆ ನಿಮ್ಮ ಮಾತೇ ಸರಿ ಎಂದು ಒಪ್ಪುತ್ತೇನೆ.

ನ್ಯೂಜೆರ್ಸಿ ಸೊಸೆ:

ಮನೆಯಲ್ಲಿ ಎರಡು ವಾರ ಚರ್ಚೆ ನಡೆದು ಒಂದು ತೀರ್ಮಾನಕ್ಕೆ ಬಂದಿದ್ದೇವೆ. ನಾನು ಮಕ್ಕಳೊಂದಿಗೆ ಮಾರ್ಚ್ ಕೊನೆಗೆ ಬರುತ್ತೇನೆ, ಯಜಮಾನರು ಮನೆಯ ವ್ಯವಹಾರ ಮುಗಿಸಿ ಜುಲೈನಲ್ಲಿ ಬರುತ್ತಾರೆ. ಮಾವನವರು ಕೋಥ್ರೂಡ್ ಮತ್ತು ಬಾವಧನ್ ಕಡೆಯ ಮೂರು ಸಿಬಿಎಸ್‌ಇ ಶಾಲೆಗಳಿಗೆ ಹೋಗಿ ನೋಟ್‌ಬುಕ್ ತೋರಿಸಿರೆಂದು ಕೇಳಿದ್ದಾರೆ. ಒಂದು ಶಾಲೆಯವರು ತೋರಿಸಲಿಲ್ಲವಂತೆ, ಅದನ್ನು ಪಟ್ಟಿಯಿಂದ ತೆಗೆದುಹಾಕಿ ಉಳಿದ ಎರಡಕ್ಕೆ ಅರ್ಜಿ ಕೊಟ್ಟಿದ್ದಾರೆ. ಅಕ್ಕ ತಮ್ಮ ಇಬ್ಬರೂ ಒಂದೇ ಶಾಲೆಗೆ ಹೋಗಲಿ, ಮಗನ ವಿಷಯವನ್ನು ಐದನೆಯ ತರಗತಿಯ ನಂತರ ಮತ್ತೆ ನೋಡೋಣ ಎಂದುಕೊಂಡಿದ್ದೇವೆ. ಮಗಳು ಒಪ್ಪಿದ್ದಾಳೆ, ಆದರೆ ಶಾಲೆಯ ಆರ್ಕೆಸ್ಟ್ರಾದ ವಸಂತಕಾಲದ ಕಾರ್ಯಕ್ರಮ ತಪ್ಪುತ್ತದೆಂಬ ಬೇಸರ ಅವಳಿಗಿದೆ. ಅವಳ ವಯಲಿನ್ ಮುಂದುವರಿಸುವ ವ್ಯವಸ್ಥೆಯನ್ನು ಪುಣೆಯಲ್ಲಿ ಮೊದಲೇ ನೋಡಿಡಬೇಕೆಂಬುದು ಅವಳ ಷರತ್ತು.

ಮೇಷ್ಟ್ರೇ, ಏಪ್ರಿಲ್‌ನ ಕೆಲವು ವಾರ ಮುಗಿದ ಮೇಲೆ ಬರುವ ರಜೆಯಲ್ಲಿ ಮಗಳಿಗೆ ಯಾವ ತರಗತಿಯ ಮರಾಠಿ ಪುಸ್ತಕದಿಂದ ಶುರು ಮಾಡಿಸಲಿ?

ಡೊಂಬಿವಲಿ ಮೇಷ್ಟ್ರು:

ಎರಡನೆಯ ತರಗತಿಯದು ಸಾಕು, ತಮ್ಮನ ಪಕ್ಕದಲ್ಲೇ ಕೂತು ಓದಲಿ. ಅವನಿಗೆ ಅವಳೇ ಹೇಳಿಕೊಟ್ಟರೆ ಇಬ್ಬರಿಗೂ ಬರುತ್ತದೆ. ಮೇ ತಿಂಗಳಲ್ಲಿ ಅಷ್ಟು ಮುಗಿಸಿ, ಜೂನ್‌ನಲ್ಲಿ ಶಾಲೆ ತೆರೆದ ಮೇಲೆ ನಾಲ್ಕನೆಯದಕ್ಕೆ ಹೋಗಿ. ಎಂಟನೆಯ ತರಗತಿಯ ಮರಾಠಿ ಶಿಕ್ಷಕಿಗೆ ಮೊದಲ ವಾರವೇ ಇವಳು ಹೊಸಬಳೆಂದು ಚೀಟಿ ಬರೆದು ಕೊಡಿ, ದೀಪಾವಳಿಯವರೆಗೆ ಬರವಣಿಗೆಗಿಂತ ಓದು ಮತ್ತು ಮಾತಿಗೆ ಒತ್ತು ಕೊಡಿರೆಂದು ಕೇಳಿ. ಹೆಚ್ಚಿನ ಶಿಕ್ಷಕಿಯರು ಒಪ್ಪುತ್ತಾರೆ.